ಪತ್ತೇದಾರನ ಕೈಗೆ ಪಹಣಿ ಹೇಗೆ ಬಂತು?

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರಿಂದ ಬಂದ ಪತ್ರಗಳಲ್ಲಿ ಖಾಸಗಿ ಪತ್ತೇದಾರಿ ಕಾದಂಬರಿಗೆ ಸಂಬಂಧಿಸಿದವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಇಂಥ ಕಾದಂಬರಿಗಳ ಮೇಲೆ ನನಗೆ ಮೂರು ತಕರಾರುಗಳಿವೆ. ಪತ್ತೇದಾರ ಕೇಳಿದ ಕೂಡಲೇ ಇನ್‌ಸ್ಪೆಕ್ಟರ್ ಫೈಲು ತೆಗೆದುಕೊಡುತ್ತಾನೆ. ಯಾರ ಫೋನ್ ಕರೆಗಳ ಪಟ್ಟಿಯಾದರೂ ಒಂದೇ ರಾತ್ರಿಯಲ್ಲಿ ಸಿಗುತ್ತದೆ. ಕೊನೆಗೆ ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿ, ಕೊಲೆಗಾರನ ಬಾಯಿಂದಲೇ ತಪ್ಪೊಪ್ಪಿಗೆ ಹೇಳಿಸುತ್ತಾರೆ. ಇದಕ್ಕಿಂತ ಪೊಲೀಸ್ ಅಧಿಕಾರಿಯನ್ನೇ ನಾಯಕನನ್ನಾಗಿ ಮಾಡಬಾರದೇಕೆ? (ಓದುಗರು, ಸಕಲೇಶಪುರ)

ಉತ್ತರ: ಮೊದಲ ಎರಡು ತಕರಾರುಗಳನ್ನು ಪೂರ್ತಿ ಒಪ್ಪುತ್ತೇವೆ, ನಿಮ್ಮ ತೀರ್ಮಾನವನ್ನು ಒಪ್ಪುವುದಿಲ್ಲ. ಖಾಸಗಿ ಪತ್ತೇದಾರನಿಗೆ ಯಾವ ಅಧಿಕಾರವೂ ಇಲ್ಲ. ಈ ಪ್ರಕಾರದ ಕಾದಂಬರಿಗೆ ಜೀವ ಇರುವುದೇ ಅಲ್ಲಿ. ನಮ್ಮ ದೇಶದಲ್ಲಿ ಅವನಿಗೆಂದೇ ಒಂದು ಕಾನೂನೂ ಇಲ್ಲ. 2007ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾದ ಮಸೂದೆ ಕಾಯ್ದೆಯಾಗಲಿಲ್ಲ. ಹಾಗಾಗಿ ಅವನು ನಿಮ್ಮ ನಮ್ಮಂತೆ ಒಬ್ಬ ನಾಗರಿಕ. ಮನೆ ಶೋಧಿಸುವಂತಿಲ್ಲ, ವಸ್ತು ಜಪ್ತಿ ಮಾಡುವಂತಿಲ್ಲ, 'ಉತ್ತರ ಹೇಳಲೇಬೇಕು' ಎಂದು ಯಾರನ್ನೂ ಒತ್ತಾಯಿಸುವಂತಿಲ್ಲ. ಪೊಲೀಸ್ ಎಂದು ಸುಳ್ಳು ಹೇಳಿ ಒಳಹೊಕ್ಕರೆ ಭಾರತೀಯ ನ್ಯಾಯ ಸಂಹಿತೆಯ 204ನೇ ಕಲಂ ಬೀಳುತ್ತದೆ. ಬೇಡವೆಂದರೂ ಒಬ್ಬ ಹೆಣ್ಣುಮಗಳ ಬೆನ್ನು ಬಿದ್ದರೆ 78ನೇ ಕಲಂ. ಕರೆಗಳ ಪಟ್ಟಿಯನ್ನು ಫೋನ್ ಕಂಪನಿಯಿಂದ ಪಡೆಯುವುದು ಎಸ್‌ಪಿ ದರ್ಜೆಯ ಅಧಿಕಾರಿಯ ಮೂಲಕ ಆಗಬೇಕಾದ ಕೆಲಸ. ಅದು ಖಾಸಗಿಯವನ ಕೈಯಲ್ಲಿದ್ದರೆ ಯಾರೋ ಕದ್ದು ಮಾರಿದ್ದಾರೆ ಎಂದರ್ಥ. ಮಾರಿದವನು ಯಾರು, ಎಷ್ಟು ತೆಗೆದುಕೊಂಡ, ನಾಳೆ ಅದೇ ವಿಷಯ ಹಿಡಿದು ಪತ್ತೇದಾರನನ್ನು ಹೇಗೆ ಬೆದರಿಸುತ್ತಾನೆ ಎಂಬುದು ಕಾದಂಬರಿಯಲ್ಲಿ ಬರಲೇಬೇಕು.

ಮೂರನೆಯ ತಕರಾರಿನಲ್ಲಿ ಸ್ವಲ್ಪ ತಿದ್ದುಪಡಿ ಬೇಕು. ಪೊಲೀಸ್ ಅಧಿಕಾರಿಗೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಹೇಳುವುದು ಅದನ್ನೇ. ಆದರೆ ಖಾಸಗಿ ವ್ಯಕ್ತಿಯ ಮುಂದೆ ಸ್ವಇಚ್ಛೆಯಿಂದ ಹೇಳಿದ್ದು ಸಾಕ್ಷ್ಯವಾಗಬಹುದು. ನ್ಯಾಯಾಲಯಗಳು ಅದನ್ನು ದುರ್ಬಲ ಸಾಕ್ಷ್ಯವೆಂದೇ ನೋಡುತ್ತವೆ, ಬೇರೆ ಆಧಾರ ಕೇಳುತ್ತವೆ. ಅಂದರೆ ಹಾಲ್‌ನ ದೃಶ್ಯ ಕೆಡುವುದು ಪತ್ತೇದಾರನಿಂದಲ್ಲ, ಬಾಗಿಲು ಮುಚ್ಚಿಕೊಂಡು ನಿಂತ ಇನ್‌ಸ್ಪೆಕ್ಟರ್‌ನಿಂದ. 'ಆಗ ಆರೋಪಿ ಪೊಲೀಸರ ವಶದಲ್ಲೇ ಇದ್ದ' ಎಂದು ಅವನ ವಕೀಲರು ವಾದಿಸುತ್ತಾರೆ. ಮಾತನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದ್ದರೆ ಅದೇ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವೂ ಬೇಕಾಗುತ್ತದೆ. ಇನ್ನು ರಕ್ತ ಹತ್ತಿದ ಕತ್ತಿಯನ್ನು ನಾಯಕನೇ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಹೋಗುವುದು ಬಹಳ ಪುಸ್ತಕಗಳಲ್ಲಿದೆ. ಮಹಜರಿಲ್ಲದೆ, ಅಂದರೆ ಸಾಕ್ಷಿಗಳ ಮುಂದೆ ಸ್ಥಳದಲ್ಲೇ ಬರೆದ ದಾಖಲೆಯಿಲ್ಲದೆ, ಎತ್ತಿದ ವಸ್ತು ಎಲ್ಲಿತ್ತು ಎಂದು ಸಾಬೀತು ಮಾಡುವುದು ಕಷ್ಟ. ಹಸಿ ರಕ್ತ ಪ್ಲಾಸ್ಟಿಕ್‌ನೊಳಗೆ ಕೊಳೆಯುತ್ತದೆ, ಅದಕ್ಕೆಂದೇ ಒಣಗಿಸಿ ಕಾಗದದ ಕವರಿಗೆ ಹಾಕುತ್ತಾರೆ.

ಪ್ರಶ್ನೆ: ಹಾಗಾದರೆ ನ್ಯಾಯವಾಗಿ ಅವನಿಗೆ ಸಿಗುವುದೇನು? ಬಾಯಿಮಾತಿನ ವಿಚಾರಣೆ ಒಂದೇ ತಾನೇ? (ಓದುಗರು, ಬೇಲೂರು)

ಉತ್ತರ: ಕಾಗದಪತ್ರಗಳು! ಕನ್ನಡದ ಪತ್ತೇದಾರಿ ಬರಹಗಾರರು ಮುಟ್ಟದೆ ಬಿಟ್ಟಿರುವ ಗಣಿ ಇದು ಎಂಬುದು ನಮ್ಮ ದೃಢ ಅಭಿಪ್ರಾಯ. ನಮ್ಮ ಕಡೆ ಕೊಲೆಯ ಹಿಂದೆ ಜಮೀನು ಇದ್ದರೆ ಪಹಣಿಯಿಂದ, ಅಂದರೆ ಜಮೀನಿನ ಹಕ್ಕು ಮತ್ತು ಸಾಗುವಳಿಯ ದಾಖಲೆಯಿಂದ, ಶುರು ಮಾಡಿಸಿ. ಸರ್ವೆ ನಂಬರ್, ಹಿಸ್ಸಾ ಗೊತ್ತಿದ್ದರೆ ಯಾರು ಬೇಕಾದರೂ ನೋಡಬಹುದು. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 10ರಲ್ಲಿ ಆ ಹಕ್ಕು ಬಂದ ರೀತಿ ಮತ್ತು ಎಂಆರ್ ನಂಬರ್ (ಹಕ್ಕು ಬದಲಾವಣೆ, ಅಂದರೆ ಮ್ಯುಟೇಷನ್, ದಾಖಲಾದ ಸಂಖ್ಯೆ), 11ರಲ್ಲಿ ಸಾಲ ಮತ್ತು ಋಣ, 12ರಲ್ಲಿ ಸಾಗುವಳಿಯ ವಿವರ. ಎಂಆರ್ ನಂಬರ್ ಹಿಡಿದು ಮ್ಯುಟೇಷನ್ ನಕಲು ತೆಗೆಸಿದರೆ ಖಾತೆ ಪೌತಿಯಿಂದ (ಮಾಲೀಕರು ತೀರಿಕೊಂಡ ಮೇಲೆ ವಾರಸುದಾರರಿಗೆ) ಬಂತೋ, ವಿಭಾಗದಿಂದಲೋ, ಕ್ರಯದಿಂದಲೋ, ದಾನದಿಂದಲೋ ತಿಳಿಯುತ್ತದೆ. ಅಪ್ಪ ತೀರಿಕೊಂಡ ಮೇಲೆ ಮೂರು ಮಕ್ಕಳ ಹೆಸರು ಬರಬೇಕಾದ ಕಡೆ ಒಬ್ಬನದೇ ಇದ್ದರೆ, ಕಥೆಗೆ ಅಷ್ಟು ಸಾಕು.

ಅಲ್ಲಿಂದ ಸಬ್ ರಿಜಿಸ್ಟ್ರಾರ್ ಕಚೇರಿಯ ಇಸಿ, ಅಂದರೆ ಋಣಭಾರ ಪತ್ರ. ವ್ಯವಹಾರ ನಡೆದಿದ್ದರೆ ಫಾರಂ 15, ನಡೆದಿಲ್ಲದಿದ್ದರೆ ಫಾರಂ 16. ಬರಹಗಾರರು ಎಡವುವುದು ಇಲ್ಲೇ: ಇಸಿ ಸ್ವಚ್ಛವಾಗಿದೆ ಎಂದರೆ ವ್ಯವಹಾರವೇ ಇಲ್ಲ ಎಂದು ಬರೆದುಬಿಡುತ್ತಾರೆ. ನೋಂದಣಿಯಾಗದ ಕರಾರು ಅದರಲ್ಲಿ ಬರುವುದಿಲ್ಲ. ಉಯಿಲನ್ನು ನೋಂದಾಯಿಸಲೇಬೇಕೆಂಬ ನಿಯಮವೂ ಇಲ್ಲ. ಕೇಳಿದ ವರ್ಷಗಳ ಆಚೆಗಿನದೂ ಕಾಣದು. ಈ ಮೂರು ಸಂದುಗಳಲ್ಲಿ ಯಾವುದಾದರೊಂದರಲ್ಲಿ ನಿಮ್ಮ ಕೊಲೆಗಾರನ ಗುಟ್ಟನ್ನು ಅಡಗಿಸಿಡಬಹುದು. ಓದುಗನಿಗೆ ಮೋಸವಾಯಿತು ಎನಿಸುವುದಿಲ್ಲ.

ಮಾಹಿತಿ ಹಕ್ಕಿನ ಅರ್ಜಿಯೂ ಇದೆ, ಶುಲ್ಕ 10 ರೂಪಾಯಿ, ಗಡುವು 30 ದಿನ. ತನಿಖೆಗೆ ಅಡ್ಡಿಯಾಗುವ ಮಾಹಿತಿಯನ್ನು ಆ ಕಾಯ್ದೆಯ 8(1)(ಎಚ್) ಕಲಂ ತೋರಿಸಿ ನಿರಾಕರಿಸಬಹುದು. ಎಂಟು ದಿನದಲ್ಲಿ ಮುಗಿಯುವ ಕಥೆಗೆ ಇದು ಒಗ್ಗುವುದಿಲ್ಲ.

ಪ್ರಶ್ನೆ: ಕಾಫಿ ತೋಟದ ಹಿನ್ನೆಲೆಯಲ್ಲಿ ಬರೆಯುತ್ತಿದ್ದೇನೆ. ಬೆಂಗಳೂರಿನಿಂದ ಬಂದ ಪತ್ತೇದಾರ ತೋಟದ ಸಾಹುಕಾರರನ್ನು ಎರಡು ದಿನ ಕಾರಿನಲ್ಲಿ ಹಿಂಬಾಲಿಸುತ್ತಾನೆ. ನಂಬುವಂತಿದೆಯೇ? (ಓದುಗರು, ಮೂಡಿಗೆರೆ)

ಉತ್ತರ: ಇಲ್ಲ. ತೋಟದ ಮಣ್ಣು ರಸ್ತೆಗೆ ಹೊರಗಿನ ಕಾರು ಇಳಿದರೆ ಲೈನ್ ಮನೆಯ (ಕಾರ್ಮಿಕರ ಸಾಲು ಮನೆಗಳ) ಮಕ್ಕಳಿಂದ ಮೇಸ್ತ್ರಿಯವರೆಗೆ ಎಲ್ಲರಿಗೂ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಘಾಟಿಯ ತಿರುವಿನಲ್ಲಿ ಹಿಂದೆ ಉಳಿದರೆ ಮುಂದಿನ ವಾಹನ ಕಾಣಿಸದು, ಹತ್ತಿರ ಹೋದರೆ ಕನ್ನಡಿಯಲ್ಲಿ ಸಿಕ್ಕಿಬೀಳುತ್ತಾನೆ. ಅವನಿಗೆ ಅಲ್ಲಿರಲು ಒಂದು ಕಾರಣ ಕೊಡಿ: ಹೋಂಸ್ಟೇಗೆ ಬಂದವನು, ಮೆಣಸು ಕೊಳ್ಳಲು ಬಂದವನು. ಹಿಂಬಾಲಿಸುವ ಬದಲು ಸಂತೆಯ ದಿನ ಪೇಟೆಯಲ್ಲಿ ಕಾದು ಕೂರಲಿ.

ಅಥವಾ ಕೊಲೆಯನ್ನೇ ಬಿಟ್ಟು ಕಳವಿನಿಂದ ಶುರು ಮಾಡಿ. ಖಾಸಗಿ ಪತ್ತೇದಾರನನ್ನು ಮಾಲೀಕರು ಕರೆಸುವುದು ಇಂಥದ್ದಕ್ಕೇ, ಮನೆಯವರ ಮೇಲೆ ಅನುಮಾನವಿದ್ದು ಠಾಣೆಗೆ ಹೋಗಲು ಮನಸ್ಸಿಲ್ಲದಾಗ. ಒಣಗಿದ ರೊಬಸ್ಟಾ ಚೆರ್ರಿಯ (ಸಿಪ್ಪೆಸಮೇತ ಒಣಗಿಸಿದ ರೊಬಸ್ಟಾ ತಳಿಯ ಕಾಫಿ ಹಣ್ಣಿನ) ತೇವಾಂಶ ಸುಮಾರು 11 ಶೇಕಡಾ ಇರಬೇಕು. ಗೋಡೌನಿನ 1000 ಕೆಜಿಯಿಂದ 35 ಕೆಜಿ ತೆಗೆದು ಅಷ್ಟೇ ನೀರು ಚಿಮುಕಿಸಿದರೆ ತಕ್ಕಡಿಯಲ್ಲಿ ಮತ್ತೆ 1000 ಕೆಜಿಯೇ. ತೇವಾಂಶ ಮಾತ್ರ 14 ದಾಟುತ್ತದೆ. ತೂಕ ನೋಡುವವನಿಗೆ ಕಳವು ಕಾಣುವುದಿಲ್ಲ, ತೇವಾಂಶದ ಮೀಟರ್ ಇಟ್ಟವನಿಗೆ ಕಾಣುತ್ತದೆ. ಕೆಲವು ವಾರ ಬಿಟ್ಟರೆ ಚೀಲಕ್ಕೆ ಬೂಷ್ಟು ಹಿಡಿದು ಮುಗ್ಗಲು ವಾಸನೆಯೇ ಸಾಕ್ಷಿ ಹೇಳುತ್ತದೆ. ಪತ್ತೇದಾರ ಮೂರು ಪುಸ್ತಕ ಕೇಳಲಿ: ಚೆಕ್‌ರೋಲ್ (ಕಾರ್ಮಿಕರ ಹಾಜರಿ ಪುಸ್ತಕ), ಕೊಯ್ಲಿನ ದಿನದಿನದ ತೂಕ, ಲಾರಿ ಹೊರಟ ಲೆಕ್ಕ. ಇವನ್ನೆಲ್ಲ ಬರೆಯುವವರು ತೋಟದ ರೈಟರು. ಅವರನ್ನು ಎದುರು ಹಾಕಿಕೊಂಡ ಪತ್ತೇದಾರನಿಗೆ ಒಂದು ಪುಟವೂ ಸಿಗುವುದಿಲ್ಲ. ದಿನಗಳ ಲೆಕ್ಕವನ್ನೂ ಗಮನಿಸಿ: ಹಣ್ಣನ್ನು ಹಾಗೇ ಕಣದಲ್ಲಿ ಹರಡಿದರೆ ಚೆರ್ರಿ ಒಣಗಲು ಒಳ್ಳೆಯ ಬಿಸಿಲಿನಲ್ಲೂ 12ರಿಂದ 15 ದಿನ ಬೇಕು. ಸೋಮವಾರ ಕೊಯ್ದ ರೊಬಸ್ಟಾ ಶುಕ್ರವಾರ ಚೀಲ ಸೇರಿದೆ ಎಂದು ಪುಸ್ತಕದಲ್ಲಿ ಬರೆದಿದ್ದರೆ ಆ ನಮೂದೇ ಸುಳ್ಳು. ಮಲೆನಾಡಿನ ಓದುಗ ಇದನ್ನು ಪತ್ತೇದಾರನಿಗಿಂತ ಮೊದಲೇ ಹಿಡಿಯುತ್ತಾನೆ, ಹಿಡಿಯಲು ಬಿಡಿ.

ಪ್ರಶ್ನೆ: ಕೆರೆಯಿಂದ ತೆಗೆದ ಶವವನ್ನು ನೋಡಿ 'ರಾತ್ರಿ 11.20ಕ್ಕೆ ಸತ್ತಿದ್ದಾನೆ' ಎನ್ನುವ ನಾಯಕ ಎಷ್ಟು ಸರಿ? (ಓದುಗರು, ಅರಸೀಕೆರೆ)

ಉತ್ತರ: ವೈದ್ಯರೂ ನಿಮಿಷ ಹೇಳುವುದಿಲ್ಲ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯೊಳಗೆ ಎನ್ನುತ್ತಾರೆ. ಚಳಿಯಲ್ಲಿ ದೇಹ ಸೆಟೆಯುವುದೂ ಸಡಿಲವಾಗುವುದೂ ನಿಧಾನ, ಸೆಖೆಯಲ್ಲಿ ಬೇಗ. ಗಾಳಿಯಲ್ಲಿ ಒಂದು ವಾರದಲ್ಲಿ ಕೊಳೆಯುವಷ್ಟು ನೀರಿನಲ್ಲಿ ಎರಡು ವಾರಕ್ಕೆ, ಮಣ್ಣಿನಲ್ಲಿ ಎಂಟು ವಾರಕ್ಕೆ ಎಂಬ ಹಳೆಯ ಲೆಕ್ಕವಿದೆ, ಅದೂ ಅಂದಾಜೇ. 11.20 ಬೇಕೇ ಬೇಕೆಂದರೆ ಶವವನ್ನು ಬಿಟ್ಟು ಬಸ್ ಟಿಕೆಟ್ ಹುಡುಕಿಸಿ.

ಪ್ರಶ್ನೆ: ಕಥೆಯನ್ನು ಪತ್ತೇದಾರನೇ 'ನಾನು' ಎಂದು ಹೇಳುವುದು ಚೆನ್ನವೋ, ಅವನ ಸಂಗಡಿಗ ಹೇಳುವುದು ಚೆನ್ನವೋ? (ಓದುಗರು, ಹಾಸನ)

ಉತ್ತರ: ಬಂಗಾಳಿ ಕಥೆಗಳ ಪತ್ತೇದಾರ ಬ್ಯೋಮಕೇಶನಿಗೆ ಕಥೆ ಹೇಳುವ ಗೆಳೆಯ ಅಜಿತ್ ಇದ್ದಂತೆ ಸಂಗಡಿಗನಿದ್ದರೆ ನಾಯಕನ ಯೋಚನೆಯನ್ನು ಕೊನೆಯವರೆಗೆ ಮುಚ್ಚಿಡುವುದು ಸುಲಭ. 'ನಾನು' ಎಂದರೆ ಅವನು ಕಂಡದ್ದೆಲ್ಲ ಓದುಗನಿಗೂ ಕಾಣಬೇಕು. ಕಂಡದ್ದನ್ನು ಬಚ್ಚಿಟ್ಟು ಕೊನೆಯಲ್ಲಿ ಜೇಬಿನಿಂದ ತೆಗೆದರೆ ಅದು ವಂಚನೆ. ನಮ್ಮ ಒಲವು 'ನಾನು' ಕಡೆಗೇ, ಏಕೆಂದರೆ ಅಧಿಕಾರವಿಲ್ಲದವನ ಅವಮಾನ, ಕಾಯುವಿಕೆ, ಬಾಗಿಲಿನಿಂದಲೇ ವಾಪಸಾಗುವ ನೋವು ಅಲ್ಲಿ ನೇರವಾಗಿ ತಟ್ಟುತ್ತದೆ. ಸುಳಿವನ್ನು ಅಡಗಿಸಲು ಒಂದು ಉಪಾಯ: ಮೂರು ವಸ್ತುಗಳನ್ನು ಹೇಳುವಾಗ ಮುಖ್ಯವಾದದ್ದನ್ನು ನಡುವೆ ಇಡಿ, ಮುಂದಿನ ಸಾಲಿನಲ್ಲೇ ಯಾರಾದರೂ ಬಾಗಿಲು ಬಡಿಯಲಿ. 'ಕೊಡೆ, ಒದ್ದೆಯಿಲ್ಲದ ಗಂಬೂಟು, ಹಳೆಯ ಕ್ಯಾಲೆಂಡರ್' ಎಂದರೆ ಜಡಿಮಳೆಯ ರಾತ್ರಿಯ ಗಂಬೂಟು ಕಣ್ಣೆದುರೇ ಜಾರಿಹೋಗುತ್ತದೆ.

ಪ್ರಶ್ನೆ: ಪತ್ತೇದಾರನ ಸಂಬಳದ ವಿಷಯ ನಮ್ಮ ಪುಸ್ತಕಗಳಲ್ಲಿ ಬರುವುದೇ ಇಲ್ಲ. ಬರಬೇಕೇ? (ಓದುಗರು, ಕಡೂರು)

ಉತ್ತರ: ಖಂಡಿತ ಬರಬೇಕು. 1939ರಲ್ಲಿ ಬಂದ ರೇಮಂಡ್ ಚಾಂಡ್ಲರ್ ಕಾದಂಬರಿಯ ಖಾಸಗಿ ಪತ್ತೇದಾರ ಮಾರ್ಲೋ ದಿನಕ್ಕೆ 25 ಡಾಲರ್, ಮೇಲೆ ಖರ್ಚು ಎಂದು ಬಾಯಿಬಿಟ್ಟು ಹೇಳುತ್ತಾನೆ. ನಿಮ್ಮವನೂ ಮುಂಗಡ ಎಷ್ಟು, ಪೆಟ್ರೋಲ್ ಯಾರದ್ದು, ಲಾಡ್ಜ್ ಬಾಡಿಗೆ ಯಾರದ್ದು ಎಂದು ಮೊದಲ ಅಧ್ಯಾಯದಲ್ಲೇ ಮಾತಾಡಿಕೊಳ್ಳಲಿ. ಹಣ ಕೊಟ್ಟವರೇ ಸುಳ್ಳು ಹೇಳಿದ್ದಾರೆಂದು ನಡುವೆ ತಿಳಿದಾಗ, ಮುಂಗಡ ವಾಪಸ್ ಕೊಡಬೇಕೋ ಕೆಲಸ ಮುಂದುವರಿಸಬೇಕೋ ಎಂಬ ತೊಳಲಾಟ ಆಗ ತಾನಾಗಿಯೇ ಎದುರಾಗುತ್ತದೆ.