ಅಕೌಸ್ಟಿಕ್ ಗಿಟಾರ್‌ಗೆ ಯಾವ ಸ್ಲೈಡ್ (ಬೆರಳಿಗೆ ಹಾಕಿ ತಂತಿಗಳ ಮೇಲೆ ಜಾರಿಸುವ ಕೊಳವೆ) ಕೊಳ್ಳಲಿ: ಗಾಜಿನದಾ, ಹಿತ್ತಾಳೆಯದಾ?

ನನ್ನ ಆಯ್ಕೆ ಹಿತ್ತಾಳೆ, ಇಲ್ಲವೇ ದಪ್ಪ ಗಾಜು. ಅಕೌಸ್ಟಿಕ್‌ನಲ್ಲಿ ತಂತಿಗಳು ದಪ್ಪ, ಆಂಪ್ಲಿಫೈಯರ್ ನೆರವೂ ಇಲ್ಲ. ಹಾಗಾಗಿ ಸ್ಲೈಡ್‌ಗೆ ತೂಕ ಬೇಕೇ ಬೇಕು. ಹಗುರವಾದದ್ದರಲ್ಲಿ ನಾದ ಬೇಗ ಅಡಗಿಹೋಗುತ್ತದೆ. ಹಿತ್ತಾಳೆಯ ದನಿ ಚುರುಕು, ಜೋರು. ಗಾಜಿನದು ಮೃದು, ಉಜ್ಜುವ ಸದ್ದೂ ಕಡಿಮೆ.

ಎಲ್ಲಕ್ಕಿಂತ ಮುಖ್ಯ ಅಳತೆ. ಕಿರುಬೆರಳಿಗೆ ಹಾಕಿ ನೋಡಿ. ಕೈ ಕೆಳಗೆ ಮಾಡಿದರೆ ಜಾರಬಾರದು, ಬೆರಳನ್ನು ಹಿಂಡಲೂಬಾರದು. ಕಿರುಬೆರಳಾದರೆ ಉಳಿದ ಮೂರು ಬೆರಳು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿಯಲು ಸಿಗುತ್ತವೆ ಅಲ್ವಾ? ಓಪನ್ ಡಿ, ಓಪನ್ ಜಿ ಶ್ರುತಿಯಲ್ಲಿ (ತಂತಿ ಒತ್ತದೆ ಮೀಟಿದರೇ ಒಂದು ಕಾರ್ಡ್ ನುಡಿಯುವ ಶ್ರುತಿಗಳು) ನುಡಿಸುವುದಾದರೆ ಆರೂ ತಂತಿ ಮುಚ್ಚುವಷ್ಟು ಉದ್ದದ್ದು ತಗೊಳ್ಳಿ.

ಸ್ಲೈಡ್ ಗಿಟಾರ್ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗೆ ಟಕಟಕ ಬಡಿಯುತ್ತಿದ್ದರೆ ಸುಮ್ನೆ ಇನ್ನೊಂದು ಸ್ಲೈಡ್ ಕೊಳ್ಳಬೇಡಿ. ಒತ್ತುವುದು ಜಾಸ್ತಿಯಾಗಿರಬಹುದು, ಅಥವಾ ತಂತಿಗಳು ತೀರಾ ತಗ್ಗಿನಲ್ಲಿರಬಹುದು. ಆಗ ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಸ್ವಲ್ಪ ಎತ್ತರಿಸಿಕೊಳ್ಳಿ.