ತೂಕ ಬರೆದಿಟ್ಟ ನೋಟ್‌ಬುಕ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆಕೆಗೆ 43 ವರ್ಷ, ಪ್ರೌಢಶಾಲೆಯಲ್ಲಿ ಗಣಿತದ ಟೀಚರ್. ಸಲಹೆಗೆಂದು ನನ್ನ ಹತ್ತಿರ ಬಂದು ಕೂತವರೇ ಬ್ಯಾಗಿನಿಂದ ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟರು. ಐದು ವಾರದ ತೂಕ, ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಬರೆದದ್ದು. ಜಿಮ್‌ಗೆ ಸೇರಿದ ದಿನ 68.4 ಕೆಜಿ, ಈಗ 70.1.

"ಇಷ್ಟು ಭಾರ ಎತ್ತಿದ್ದಕ್ಕೆ ಇದೇನಾ ಮೇಡಂ ಫಲ?" ಅನ್ನುವಾಗ ಕಣ್ಣು ತುಂಬಿತ್ತು. "ದುಡ್ಡು ಕೊಟ್ಟು ದಪ್ಪ ಆಗ್ತಿದ್ದೀಯಲ್ಲ" ಅಂತ ಯಜಮಾನರು ಅಂದಿದ್ದರಂತೆ. ಅವತ್ತಿನಿಂದ ರಾತ್ರಿ ಊಟ ಬಿಟ್ಟಿದ್ದರು.

ನನಗೆ ಆತಂಕವಾದದ್ದು ಆ ಊಟ ಬಿಟ್ಟ ವಿಷಯಕ್ಕೆ. ಆದರೆ ಲೆಕ್ಕ ಬಿಡಿಸದೆ ಬರೀ ಸಮಾಧಾನ ಹೇಳಿದ್ದರೆ ಅವರು ಕೇಳುತ್ತಿರಲಿಲ್ಲ. ಮೊದಲು ಕೆಲವು ಪ್ರಶ್ನೆ ಕೇಳಿದೆ. ಹಸಿವು ಹೆಚ್ಚಾಗಿ ಜಾಸ್ತಿ ತಿನ್ನುತ್ತಿದ್ದೀರಾ? ಸ್ನಾಯುವಿನಲ್ಲಿ ನೀರು ಹಿಡಿಸುವ ಕ್ರಿಯಾಟಿನ್ ಪುಡಿಯನ್ನು ಕೋಚ್ ಕೊಟ್ಟಿದ್ದಾರಾ? ಕಾಲು ಊದುತ್ತದಾ, ಏದುಸಿರು ಬರುತ್ತದಾ? ಯಾವುದೂ ಇರಲಿಲ್ಲ. ಥೈರಾಯ್ಡ್ ಪರೀಕ್ಷೆಯೂ ಸರಿಯಾಗಿತ್ತು.

ಆಮೇಲೆ ವಿವರಿಸಿದೆ. ಅಭ್ಯಾಸವಿಲ್ಲದ ಸ್ನಾಯುವಿನ ಮೇಲೆ ಭಾರ ಬಿದ್ದಾಗ ಅದರ ಎಳೆಗಳಿಗೆ ಸಣ್ಣಪುಟ್ಟ ಪೆಟ್ಟಾಗುತ್ತದೆ, ಅದು ಮಾಯುವಾಗ ಅಲ್ಲಿ ನೀರು ಸೇರುತ್ತದೆ. ದುಡಿಯುವ ಸ್ನಾಯು ಸಕ್ಕರೆಯನ್ನು ಗ್ಲೈಕೋಜನ್ ಆಗಿ ಕೂಡಿಡುತ್ತದೆ, ಅದರ ಒಂದೊಂದು ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರು. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಮೈ ನೀರು ಹಿಡಿಯುವುದು ಬೇರೆ. ತೂಕದ ಯಂತ್ರಕ್ಕೆ ಕೊಬ್ಬು ಯಾವುದು, ನೀರು ಯಾವುದು, ಸ್ನಾಯು ಯಾವುದು ಅಂತ ಗೊತ್ತಾಗುವುದಿಲ್ಲ.

ಅವರು ಸುಮ್ಮನೆ ಪುಟ ತಿರುವುತ್ತಿದ್ದರು. ಒಂದು ಕಡೆ ಬೆರಳು ನಿಂತಿತು. "ಈ ಭಾನುವಾರ ಬೆಳಿಗ್ಗೆಗೂ ರಾತ್ರಿಗೂ 1.3 ಕೆಜಿ ವ್ಯತ್ಯಾಸ ಇದೆ. ಒಂದೇ ದಿನದಲ್ಲಿ ಇಷ್ಟು ಕೊಬ್ಬು ಬರಲ್ಲ ಅಲ್ವಾ?"

ಆಗ ಕೇಳಿದೆ, ಜಿಮ್‌ಗೆ ಸೇರಿದ್ದು ಯಾಕೆ? ಸ್ವಲ್ಪ ಹೊತ್ತು ಬಿಟ್ಟು ಹೇಳಿದರು. ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ, ಎಚ್‌ಬಿಎ1ಸಿ, 6.1 ಬಂದಿತ್ತು, ಸಕ್ಕರೆ ಕಾಯಿಲೆಯ ಹೊಸ್ತಿಲು. ಅವರ ಅಮ್ಮ ಸಕ್ಕರೆ ಕಾಯಿಲೆಯಿಂದ ಕಾಲಿನ ಬೆರಳುಗಳನ್ನು ಕಳೆದುಕೊಂಡಿದ್ದರು. ಸ್ನಾಯು ದುಡಿದಷ್ಟೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ ಅಂತ ಡಾಕ್ಟರೇ ಕಳಿಸಿದ್ದು. ಆ ಭಯ ಐದು ವಾರದಲ್ಲಿ ಎಲ್ಲೋ ಮರೆಯಾಗಿ, ಉಳಿದದ್ದು ಯಂತ್ರದ ಅಂಕಿ ಮಾತ್ರ.

ನಾನು ಹೇಳಿದ್ದು ಇಷ್ಟು: ಯಂತ್ರವನ್ನು ನಾಲ್ಕು ವಾರ ಅಟ್ಟಕ್ಕೆ ಹಾಕಿ. ಆಮೇಲೂ ವಾರಕ್ಕೊಮ್ಮೆ ಸಾಕು, ಬೆಳಿಗ್ಗೆ ಕಾಫಿಗೆ ಮುಂಚೆ. ಬಟ್ಟೆ ಹೊಲಿಯುವವರ ಟೇಪಿನಲ್ಲಿ ಸೊಂಟ ಅಳೆಯಿರಿ. ನಮ್ಮ ಹೆಣ್ಣುಮಕ್ಕಳಿಗೆ 80 ಸೆಂ.ಮೀ. ಒಳಗಿದ್ದರೆ ಒಳ್ಳೆಯದು, ನಿಮ್ಮದು ಇವತ್ತು 92. ನೋಟ್‌ಬುಕ್ಕಿನಲ್ಲಿ ಇನ್ನು ಎಷ್ಟು ಕೆಜಿ ಎತ್ತಿದಿರಿ ಅನ್ನುವುದನ್ನು ಬರೆಯಿರಿ. ರಾತ್ರಿ ಊಟ ಇವತ್ತಿನಿಂದಲೇ. ಹುರುಳಿಕಾಳಿನ ಬಸ್ಸಾರು, ಮುದ್ದೆ, ಬೇಕಾದರೆ ಒಂದು ಮೊಟ್ಟೆ. ಪ್ರೋಟೀನ್ ಇಲ್ಲದೆ ಸ್ನಾಯು ಚೇತರಿಸಿಕೊಳ್ಳುವುದಿಲ್ಲ. ಕಾಲು ಊದಿದರೆ, ಉಸಿರು ಕಟ್ಟಿದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಮುಂದಿನ ಸಲ ಯಜಮಾನರನ್ನೂ ಕರೆದುಕೊಂಡು ಬನ್ನಿ.

ಆರು ವಾರದ ನಂತರ ಇಬ್ಬರೂ ಬಂದರು. ಸೊಂಟ 89, ತೂಕ 69.6.

"ನಾನು ತಮಾಷೆಗೆ ಅಂದಿದ್ದು" ಅಂದರು ಯಜಮಾನರು.

"ನನಗೆ ತಮಾಷೆ ಅನ್ನಿಸಲಿಲ್ಲ ರೀ" ಅಂದರು ಆಕೆ, ಮೆಲ್ಲಗೆ.

ನಾನು ಮಧ್ಯೆ ಮಾತಾಡಲಿಲ್ಲ. ಅವರು ಹೆಂಡತಿಯ ನೋಟ್‌ಬುಕ್ ಎತ್ತಿಕೊಂಡು, ಮೊದಲ ಪುಟದಿಂದ ನೋಡತೊಡಗಿದರು. ಸಕ್ಕರೆ ಪರೀಕ್ಷೆ ಮುಂದಿನ ತಿಂಗಳಿದೆ.