ಎರಡೂವರೆ ತಿಂಗಳ ಮಗಳು 4.5 ಕೆಜಿ ಇದ್ದಾಳೆ. ನನ್ನ ಹಾಲು ಸಾಲುತ್ತಿಲ್ಲವಾ?

ಹುಟ್ಟಿದಾಗ 2.7 ಕೆಜಿ ಇದ್ದಳು, ಪಕ್ಕದ ಮನೆ ಮಗು ಇದೇ ವಯಸ್ಸಿಗೆ 6 ಕೆಜಿ ಇದೆ, ಅತ್ತೆ ರಾಗಿ ಸರಿ ಶುರು ಮಾಡು ಅಂತಿದ್ದಾರೆ ಅಂತ ಬರೆದಿದ್ದೀರಿ.

ಲೆಕ್ಕ ಹಾಕಿ ನೋಡಿ. 75 ದಿನಕ್ಕೆ 1,800 ಗ್ರಾಂ, ಅಂದರೆ ದಿನಕ್ಕೆ 24 ಗ್ರಾಂ. ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ಸಾಕು. ಅದೂ ಅಲ್ಲದೆ, ಹುಟ್ಟಿದ ಮೇಲೆ ಸ್ವಲ್ಪ ಇಳಿದ ತೂಕ ವಾಪಸ್ ಬರೋಕೇ ಹತ್ತು ಹದಿನೈದು ದಿನ ಬೇಕು. ಪಕ್ಕದ ಮನೆ ಮಗು ಹುಟ್ಟಿದಾಗ ಎಷ್ಟಿತ್ತು, ಕೇಳಿದ್ದೀರಾ?

ನಾನೂ ಇದೇ ಗಾಬರಿ ಪಟ್ಟವಳು. ಮಗನಿಗೆ ಎರಡು ತಿಂಗಳಾದಾಗ ಬೇರೊಂದು ಕ್ಲಿನಿಕ್‌ನಲ್ಲಿ ತೂಗಿಸಿದರೆ ಹಿಂದಿನ ವಾರಕ್ಕಿಂತ 300 ಗ್ರಾಂ ಕಮ್ಮಿ! ರಾತ್ರಿಯೆಲ್ಲಾ ಅಳುತ್ತಾ ಕೂತೆ. ಅಜ್ಜಿ ದೃಷ್ಟಿ ತೆಗೆದರು. ಆಮೇಲೆ ಗೊತ್ತಾಯಿತು, ಹಿಂದಿನ ಸಲ ಸ್ವೆಟರ್, ಟೋಪಿ, ಒದ್ದೆ ಡೈಪರ್ ಸಮೇತ ತೂಗಿದ್ದರು. ತಕ್ಕಡಿಯೂ ಬೇರೆ. ಅಲ್ಲಿಂದಾಚೆ ಅಂಗನವಾಡಿಯ ಒಂದೇ ತಕ್ಕಡಿಯಲ್ಲಿ, ಬಟ್ಟೆ ತೆಗೆದು ತೂಗಿಸಿ, ತಾಯಿ ಕಾರ್ಡ್‌ನಲ್ಲಿ ಗುರುತು ಹಾಕಿಸುತ್ತಿದ್ದೆ. ಅದರಲ್ಲಿ ಗೆರೆ ಮೇಲಕ್ಕೆ ಹೋಗುತ್ತಿದೆಯಾ ಅನ್ನೋದನ್ನು ನೋಡಿ, ಒಂದು ದಿನದ ತೂಕವನ್ನಲ್ಲ.

ಹಾಲು ಸಾಲುತ್ತಾ ಅಂತ ತಿಳಿಯಲು ಉಚ್ಚೆ ಎಣಿಸಿ. ದಿನಕ್ಕೆ ಆರಕ್ಕಿಂತ ಜಾಸ್ತಿ ಸಲ, ತಿಳಿ ಬಣ್ಣದ್ದು ಬಂದರೆ ಸಾಮಾನ್ಯವಾಗಿ ಸಾಲುತ್ತಿದೆ ಅಂತಲೇ ಅರ್ಥ. ದಿನಕ್ಕೆ ಎಂಟು ಹತ್ತು ಸಲ ಕುಡಿಸಿ. ಒಂದು ಕಡೆ ಪೂರ್ತಿ ಕುಡಿದ ಮೇಲೆ ಇನ್ನೊಂದು ಕಡೆ ಹಾಕಿ, ಕೊನೆಗೆ ಬರುವ ಹಾಲಿನಲ್ಲಿ ಕೊಬ್ಬು ಜಾಸ್ತಿ. ಸಂಜೆ ಹೊತ್ತು ಸುಮ್ನೆ ರಂಪ ಮಾಡೋದು ಈ ವಯಸ್ಸಿಗೆ ಸಹಜ, ಅದೆಲ್ಲಾ ಹಸಿವಲ್ಲ.

ರಾಗಿ ಸರಿ ಆರು ತಿಂಗಳು ತುಂಬಿದ ಮೇಲೆ. ಈಗಲೇ ಕೊಟ್ಟರೆ ಹೊಟ್ಟೆ ತುಂಬಿ ಹಾಲು ಕುಡಿಯೋದೇ ಕಮ್ಮಿಯಾಗುತ್ತೆ. ನೀರು ಬೇಡ, ಹಸುವಿನ ಹಾಲೂ ಬೇಡ. ಜೇನು ನೆಕ್ಕಿಸುವವರು ಇದ್ದೇ ಇರುತ್ತಾರೆ, ಒಂದು ವರ್ಷದ ತನಕ ನೆಕ್ಕಿಸೋಕೆ ಬಿಡಲೇಬೇಡಿ. ಅತ್ತೆಯ ಜೊತೆ ಜಗಳಕ್ಕೆ ಹೋಗಬೇಡಿ, ಮುಂದಿನ ಇಂಜೆಕ್ಷನ್‌ಗೆ ಅವರನ್ನೇ ಕರೆದುಕೊಂಡು ಹೋಗಿ. ನಮ್ಮತ್ತೆ ನನ್ನ ಮಾತು ಕೇಳಲಿಲ್ಲ, ಡಾಕ್ಟರ್ ಮಾತು ಕೇಳಿದರು.

ಉಚ್ಚೆ ಕಮ್ಮಿಯಾದರೆ, ಹಾಲು ಕುಡಿಯುವಾಗ ಬೆವರಿ ಸುಸ್ತಾದರೆ, ಎಬ್ಬಿಸಿದರೂ ಏಳದಿದ್ದರೆ, ಜ್ವರ ಬಂದರೆ ಅಥವಾ ತೂಕ ಇಳಿದರೆ ಮಾತ್ರ ಕಾಯಬೇಡಿ, ಅವತ್ತೇ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ.